ಬೆಕ್ಕು ಒಂದು ಸಾಕಾ, ಎರಡು ಬೇಕಾ?

ಸಂಪಾದಕರೇ,

ತಳಿ ಬೆಕ್ಕು ತರುವವರು ಬಣ್ಣ, ಕಣ್ಣು ನೋಡಿ ಮರುಳಾಗುತ್ತಾರೆ, ಸ್ವಭಾವ ಕೇಳುವುದೇ ಇಲ್ಲ. ಸಯಾಮೀಸ್, ಬರ್ಮೀಸ್ ತಳಿಗಳಿಗೆ ಜೊತೆ ಬೇಕೇ ಬೇಕು. ದಿನವಿಡೀ ಬೀಗ ಹಾಕಿದ ಮನೆಯಲ್ಲಿ ಒಂಟಿಯಾಗಿದ್ದರೆ ಕೂಗುತ್ತವೆ, ಪರದೆ ಹರಿಯುತ್ತವೆ, ಆಮೇಲೆ ಬೈಗುಳವೂ ಅವಕ್ಕೇ! ಹೊರಗೆ ದುಡಿಯುವವರು ಒಂದೇ ಸೂಲಿನ ಎರಡು ಮರಿಗಳನ್ನು, 12 ವಾರ ತುಂಬಿದ ಮೇಲೆ, ಒಟ್ಟಿಗೇ ತರುವುದು ಒಳ್ಳೆಯದು. ಒಂದು ದೊಡ್ಡದಾದ ಮೇಲೆ ಇನ್ನೊಂದನ್ನು ತಂದರೆ ಬೇರೆ ಕೋಣೆಯಲ್ಲಿಟ್ಟು, ಮೊದಲು ವಾಸನೆಯ ಪರಿಚಯ ಮಾಡಿಸಿ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಖರ್ಚು ಜಾಸ್ತಿ ಅಲ್ವಾ ಅಂದರೆ, ಹೌದು. ಲಸಿಕೆ, ಸಂತಾನಹರಣ ಚಿಕಿತ್ಸೆ ಎರಡರಷ್ಟು, ಮಲಮೂತ್ರದ ಟ್ರೇ ಮಾತ್ರ ಮೂರಿದ್ದರೆ ಜಗಳವಿಲ್ಲ. ಅಷ್ಟು ಆಗದಿದ್ದರೆ, ಮನೆಯಲ್ಲಿ ಯಾರಾದರೂ ಸದಾ ಇರುವುದಾದರೆ ಮಾತ್ರ, ಒಂದನ್ನೇ ಸಾಕಲಿ.

– ಬೆಕ್ಕು ಸಾಕುವ ಓದುಗ