1985 ಎಂದು ಮಾರಿದ 1995ರ ಆರ್‌ಎಕ್ಸ್ 100: ಹಣ ವಾಪಸ್ ಕೋರಿ ದೂರು

ದಿನಾಂಕ: 18-11-2024

ಇವರಿಗೆ,
ಮಾಲೀಕರು,
ಹಳೇ ದ್ವಿಚಕ್ರ ವಾಹನಗಳ ಮಾರಾಟ ಮಳಿಗೆ,
ಶಿವಮೊಗ್ಗ

ವಿಷಯ: ಯಮಹಾ ಆರ್‌ಎಕ್ಸ್ 100 ಬೈಕಿನ ತಯಾರಿಕೆ ವರ್ಷವನ್ನು ತಪ್ಪಾಗಿ ಹೇಳಿ ಹೆಚ್ಚು ಹಣ ಪಡೆದ ಬಗ್ಗೆ

ಮಾನ್ಯರೇ,

ಇದೇ ಆಗಸ್ಟ್ 9ರಂದು ನಿಮ್ಮ ಮಳಿಗೆಯಲ್ಲಿ 1,40,000 ರೂಪಾಯಿ ಕೊಟ್ಟು ಕೆಂಪು ಬಣ್ಣದ ಆರ್‌ಎಕ್ಸ್ 100 ಕೊಂಡೆ. ರಸೀದಿಯಲ್ಲಿ ನಿಮ್ಮ ಕೈಬರಹದಲ್ಲೇ "1985 ಡಿಸೆಂಬರ್ ಮಾಡೆಲ್, ಜಪಾನ್ ಇಂಜಿನ್" ಎಂದಿದೆ. ಆ ಗಾಡಿ ತಯಾರಾದದ್ದು 1995ರ ಡಿಸೆಂಬರಿನಲ್ಲಿ. ಪೂರ್ತಿ ಹತ್ತು ವರ್ಷದ ವ್ಯತ್ಯಾಸ. ಎರಡು ಸಲ ಖುದ್ದಾಗಿ ಬಂದು ಕೇಳಿದರೂ ಸರಿಯಾದ ಉತ್ತರ ಸಿಗದ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ನನಗೆ ಆ ವರ್ಷದ ಗಾಡಿಯೇ ಏಕೆ ಬೇಕಿತ್ತು ಎಂಬುದು ನಿಮಗೆ ಗೊತ್ತು. ಅಂದು ನಿಮ್ಮ ಎದುರು ಕೂತು ಎಲ್ಲ ಹೇಳಿದ್ದೆ. ನಮ್ಮ ಅಪ್ಪಯ್ಯ 1986ರಲ್ಲಿ ಶಿವಮೊಗ್ಗಕ್ಕೆ ಬಂದು ಹೊಸ ಆರ್‌ಎಕ್ಸ್ 100 ತಂದಿದ್ದರು. ಅಡಿಕೆ ಧಾರಣೆ ಬಿದ್ದ ವರ್ಷ ಅಕ್ಕನ ಮದುವೆ ಬಂತು, ಗಾಡಿ ಹೋಯಿತು. ಈಗ ಅಪ್ಪಯ್ಯನಿಗೆ 76 ವರ್ಷ. ಅದೇ ಕಾಲದ ಗಾಡಿಯೊಂದನ್ನು ಅಂಗಳದಲ್ಲಿ ನಿಲ್ಲಿಸಬೇಕು ಎಂಬುದು ನನ್ನ ಬಹಳ ದಿನದ ಆಸೆ. ನೀವು ಪೂರ್ತಿ ಕೇಳಿಸಿಕೊಂಡು "ಇದು ಫಸ್ಟ್ ಬ್ಯಾಚ್ ಗಾಡಿ ಸಾರ್, ಇನ್ನೊಂದು ಸಿಗಲ್ಲ" ಎಂದಿರಿ. ಪಕ್ಕದಲ್ಲೇ ನಿಂತಿದ್ದ 1994ರ ಆರ್‌ಎಕ್ಸ್ 100ಕ್ಕೆ ನೀವು ಹೇಳಿದ ಬೆಲೆ 90,000. ಇದಕ್ಕೆ ಐವತ್ತು ಸಾವಿರ ಹೆಚ್ಚು ಕೊಟ್ಟದ್ದು ಆ ಒಂದು ಮಾತಿನ ಮೇಲೆ.

ಆರ್‌ಎಕ್ಸ್ 100 ನಮ್ಮ ದೇಶದಲ್ಲಿ ಶುರುವಾದದ್ದು 1985ರ ಕೊನೆಗೆ, ನಿಂತದ್ದು 1996ರಲ್ಲಿ. ಮೊದಮೊದಲ ಗಾಡಿಗಳ ಭಾಗಗಳು ಜಪಾನಿನಿಂದ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ಹಾಗಾಗಿ ಆ ಸಾಲಿನ ಗಾಡಿ ಎಂದರೆ ಜನ ಕೇಳಿದಷ್ಟು ಕೊಡುತ್ತಾರೆ. ನೀವು ನನಗೆ ಮಾರಿದ್ದು ತಯಾರಿಕೆ ನಿಲ್ಲುವ ಹೊತ್ತಿನ ಗಾಡಿ.

ಅಂದು ನೀವು ತೋರಿಸಿದ್ದು ಆರ್‌ಸಿಯ ಮಸುಕಾದ ಜೆರಾಕ್ಸ್ ಮಾತ್ರ. ತಯಾರಿಕೆ ವರ್ಷದ ಮೂರನೇ ಅಂಕಿ ಎಂಟೋ ಒಂಬತ್ತೋ ತಿಳಿಯುವಂತಿರಲಿಲ್ಲ. ಆರ್‌ಸಿ ಅವಧಿ 2026ರ ಏಪ್ರಿಲ್‌ವರೆಗೆ ಎಂಬುದು ಮಾತ್ರ ಸ್ಪಷ್ಟವಿತ್ತು. ಮೊದಲು ಹದಿನೈದು ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ ಎಂದು ಅಲ್ಲೇ ಲೆಕ್ಕ ಹಾಕಿದೆ. 1986ರ ಏಪ್ರಿಲ್‌ನಿಂದ ಎಣಿಸಿದರೆ 2026ಕ್ಕೆ ಸರಿಯಾಗಿ ಬಂತು, ನಂಬಿದೆ. 1996ರಿಂದ ಎಣಿಸಿದರೂ ಅಲ್ಲಿಗೇ ಬರುತ್ತದೆ ಎಂದು ಆಗ ಹೊಳೆಯಲಿಲ್ಲ. ನಂಬರ್ ಶಿವಮೊಗ್ಗದ ಕೆಎ 14 ಇದೆಯಲ್ಲ, ಅಷ್ಟು ಹಳೇ ಗಾಡಿಗೆ ಇದು ಹೇಗೆ ಎಂದು ಕೇಳಿದ್ದಕ್ಕೆ, ಬೇರೆ ರಾಜ್ಯದಿಂದ ಬಂದ ಗಾಡಿ, ಇಲ್ಲಿ ಹೊಸ ನಂಬರ್ ಬಿತ್ತು ಎಂದಿರಿ.

ಹೆಸರು ವರ್ಗಾವಣೆಯ 29 ಮತ್ತು 30ನೇ ನಮೂನೆಗೆ ಸಹಿಯಾಗಿ, ಅಕ್ಟೋಬರಿನಲ್ಲಿ ನನ್ನ ಹೆಸರಿಗೆ ಆರ್‌ಸಿ ಕಾರ್ಡ್ ಬಂತು. ಅದರಲ್ಲಿ 12/1995 ಎಂದು ಅಚ್ಚಾಗಿತ್ತು. ಫೋನ್ ಮಾಡಿದರೆ, ಹಳೇ ದಾಖಲೆ ಕಂಪ್ಯೂಟರಿಗೆ ಹಾಕುವಾಗ ಆರ್‌ಟಿಓದವರು ತಪ್ಪು ಟೈಪ್ ಮಾಡಿರುತ್ತಾರೆ, ಗಾಡಿ 85ರದ್ದೇ ಎಂದಿರಿ. ಅದೂ ನಿಜವಿರಬಹುದೆಂದು ನಾನು ಶಿವಮೊಗ್ಗ ಆರ್‌ಟಿಓದಲ್ಲಿ ಅರ್ಜಿ ಹಾಕಿ ಬಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ಗಾಡಿಯ ನೋಂದಣಿ ದಾಖಲೆಯ ಪ್ರತಿ, ತೆಗೆಸಿದೆ. ಅದರ ಪ್ರಕಾರ ಈ ಗಾಡಿ ಮೊದಲ ಸಲ ನೋಂದಣಿಯಾದದ್ದೇ ಶಿವಮೊಗ್ಗದಲ್ಲಿ, 1996ರ ಏಪ್ರಿಲ್‌ನಲ್ಲಿ. ಹಿಂದಿನ ನಂಬರ್ ಯಾವುದೂ ಇಲ್ಲ, ಬೇರೆ ರಾಜ್ಯದ ಎನ್‌ಓಸಿಯೂ (ನಿರಾಕ್ಷೇಪಣಾ ಪತ್ರ) ಇಲ್ಲ. ಕೆಎ ಸಾಲಿನ ನಂಬರುಗಳು ಶುರುವಾದದ್ದೇ 1989ರ ಜುಲೈನಲ್ಲಿ. 1986ರಲ್ಲಿ ಇದೇ ಊರಲ್ಲಿ ನೋಂದಣಿಯಾಗಿದ್ದರೆ ಇದಕ್ಕೆ ಅಪ್ಪಯ್ಯನ ಗಾಡಿಗಿದ್ದ ಹಾಗೆ ಮೂರಕ್ಷರದ ಹಳೇ ನಂಬರ್ ಇರಬೇಕಿತ್ತು.

ಕಾಗದ ಒಂದು, ಗಾಡಿ ಇನ್ನೊಂದು ಆಗಿರಬಾರದಲ್ಲ, ಅದನ್ನೂ ನೋಡಿದೆ. ಹ್ಯಾಂಡಲ್ ಕೆಳಗಿನ ಕತ್ತಿನ ಪೈಪಿನ ಮೇಲೆ ನಿಮ್ಮ ಹೊಸ ಪೇಂಟ್ ದಪ್ಪಗೆ ಕೂತಿತ್ತು. ಕೊಪ್ಪದ ಮೆಕ್ಯಾನಿಕ್ ಒಬ್ಬರು ಥಿನ್ನರ್ ಬಟ್ಟೆಯಲ್ಲಿ ಮೆಲ್ಲಗೆ ಉಜ್ಜಿ ಪೇಂಟ್ ಬಿಡಿಸಿದರು. ತೆಳು ಕಾಗದ ಇಟ್ಟು ಪೆನ್ಸಿಲ್ ಓರೆ ಹಿಡಿದು ತಿಕ್ಕಿದಾಗ ಚಾಸಿಸ್ ನಂಬರಿನ ಒಂದೊಂದೇ ಅಂಕಿ ಬೆಳ್ಳಗೆ ಮೂಡಿತು. ಬಿ ಎಕ್ಸ್‌ಟ್ರ್ಯಾಕ್ಟಿನ ನಂಬರಿಗೂ ಅದಕ್ಕೂ ಒಂದಕ್ಷರ ವ್ಯತ್ಯಾಸವಿಲ್ಲ. ಇಂಜಿನ್ ನಂಬರ್ ಕೂಡ ಹೊಂದುತ್ತದೆ. ಅಂದರೆ ಇಂಜಿನ್ನೂ 1996ರಲ್ಲಿ ನೋಂದಣಿಯಾದಾಗ ಇದ್ದದ್ದೇ. ಕಾರ್ಬುರೇಟರ್ ಮೇಲಿನ ಜಪಾನ್ ಅಚ್ಚನ್ನು ತೋರಿಸಿ ನೀವು ನನ್ನನ್ನು ಒಪ್ಪಿಸಿದ್ದಿರಿ. ಮೂವತ್ತು ವರ್ಷದಲ್ಲಿ ಕಾರ್ಬುರೇಟರ್, ಟ್ಯಾಂಕ್, ಮೀಟರ್ ಎಷ್ಟು ಸಲ ಬದಲಾಗಿರುತ್ತವೋ ಬಲ್ಲವರಿಲ್ಲ. ಬಿಚ್ಚಿ ಹಾಕಬಹುದಾದ ಭಾಗ ನೋಡಿ ಗಾಡಿಯ ವರ್ಷ ಹೇಳಲಾಗದು ಎಂಬುದು ಇದೇ ವ್ಯಾಪಾರದಲ್ಲಿರುವ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು.

ಗಾಡಿ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಒಂದೇ ಕಿಕ್ಕಿಗೆ ಶುರುವಾಗುತ್ತದೆ, ಆಗುಂಬೆ ಘಾಟಿಯನ್ನೂ ತೊಂದರೆ ಕೊಡದೆ ಹತ್ತಿತು. ಕೊಂಡ ದಿನ ಮಂಡಗದ್ದೆ ದಾಟಿ ತೀರ್ಥಹಳ್ಳಿ ಕಡೆ ಬರುವಾಗ ನನಗಿದ್ದ ಸಂತೋಷ ಹೇಳತೀರದು. ಅಪ್ಪಯ್ಯ ಜಗಲಿಯಿಂದ ಇಳಿದು ಬಂದು ಟ್ಯಾಂಕ್ ಮೇಲೆ ಕೈಯಿಟ್ಟು, "ನಂದೂ ಇದೇ ಸಾಲಿಂದು" ಎಂದರು. ಆ ಮಾತು ಸುಳ್ಳೆಂದು ಅವರಿಗೆ ನಾನಿನ್ನೂ ಹೇಳಿಲ್ಲ. ಹೇಳಲು ಬಾಯಿ ಬರುತ್ತಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗಿರುವುದು ಇದರಿಂದ.

ಸರಕು ಇಂಥ ಮಾಡೆಲ್ ಎಂದು ಸುಳ್ಳು ಹೇಳಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಹಳೇ ಗಾಡಿ ಎಂಬ ಕಾರಣಕ್ಕೆ ಅದರಿಂದ ವಿನಾಯಿತಿ ಇಲ್ಲ. ಆದ್ದರಿಂದ ಹೆಚ್ಚಾಗಿ ಪಡೆದ 50,000 ರೂಪಾಯಿ ಹಿಂದಿರುಗಿಸಿ, ರಸೀದಿಯಲ್ಲಿ 1995 ಎಂದು ತಿದ್ದಿ ಸಹಿ ಮಾಡಿ ಕೊಡಿ. ಅದು ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಗಾಡಿ ವಾಪಸ್ ಪಡೆದು ಪೂರ್ತಿ 1,40,000 ರೂಪಾಯಿಯನ್ನೂ, ಹೆಸರು ವರ್ಗಾವಣೆಗೆ ನಾನು ಕಟ್ಟಿದ ಶುಲ್ಕವನ್ನೂ ಕೊಡಿ. ಎರಡರಲ್ಲಿ ಯಾವುದಕ್ಕೂ ನಾನು ಸಿದ್ಧ. ಕಳೆದ ವಾರ ಬಂದಾಗ ಇನ್ನೊಂದು ಆರ್‌ಎಕ್ಸ್ 100ಕ್ಕೆ "ಜಪಾನ್ ಮಾಡೆಲ್" ಎಂಬ ಚೀಟಿ ಅಂಟಿಸಿದ್ದು ಕಂಡೆ. ಅದರ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಿ ಕೊಳ್ಳುವವರ ಕೈಗೆ ಕೊಟ್ಟ ಮೇಲೆ ಮಾರಿ ಎಂದು ಕೇಳಿಕೊಳ್ಳುತ್ತೇನೆ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಶಿವಮೊಗ್ಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ರಸೀದಿ, ನೀವು ಕೊಟ್ಟ ಜೆರಾಕ್ಸ್, ಹೊಸ ಆರ್‌ಸಿ, ಬಿ ಎಕ್ಸ್‌ಟ್ರ್ಯಾಕ್ಟ್ ಮತ್ತು ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್, ಇವುಗಳ ಪ್ರತಿ ಲಗತ್ತಿಸಿದ್ದೇನೆ. ಮೂಲ ಪ್ರತಿಗಳು ನನ್ನ ಬಳಿ ಇವೆ.

ಇತಿ,
ತಮ್ಮ ಗ್ರಾಹಕ,
ತೀರ್ಥಹಳ್ಳಿ ತಾಲ್ಲೂಕು