ಎಂಟು ಸೆಂಟಿನಿಂದ ಶುರು ಮಾಡು

ಪ್ರೀತಿಯ ತಂಗೀ,

ನೀನು ಕಳಿಸಿದ ಬರಹ ಎರಡು ಸಲ ಓದಿದೆ. ಮೊದಲ ಸಲ ರಾತ್ರಿ ಮಲಗುವ ಮುಂಚೆ, ಎರಡನೇ ಸಲ ಬೆಳಿಗ್ಗೆ ಪೆನ್ಸಿಲ್ ಹಿಡಿದು. ಮಾಹಿತಿ ಎಲ್ಲರಿಗೂ ಸಿಗಲಿ ಅಂತ ಹೋರಾಡಿದ ಅಮೆರಿಕದ ಪ್ರೋಗ್ರಾಮರ್ ಆರನ್ ಸ್ವಾರ್ಟ್ಜ್ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿನಗೆ ಅನ್ನಿಸಿದ್ದೇ ನನಗೆ ದೊಡ್ಡ ಖುಷಿ. ಆದರೆ ಮೊದಲ ಸಾಲಿಗೇ ಪೆನ್ಸಿಲ್ ನಿಂತಿತು. 2013ರ ಜನವರಿ 11, ಬ್ರೂಕ್ಲಿನ್, 26 ವರ್ಷದ ಯುವಕನ ಸಾವು ಅಂತ ಶುರು ಮಾಡಿದ್ದೀಯ. ತಾರೀಖು ಸರಿ, ವಯಸ್ಸೂ ಸರಿ. ಆದರೂ ಅಲ್ಲಿಂದ ಬೇಡ. ಹಾಗೆ ಶುರು ಮಾಡಿದರೆ ಅವನು ಮಾಡಿದ್ದೆಲ್ಲ ಸಾವಿಗೆ ಪೀಠಿಕೆ ಬರೆದ ಹಾಗೆ ಕಾಣುತ್ತದೆ. ಅವನು ಬದುಕಿದ್ದು ಕಾಣುವುದೇ ಇಲ್ಲ.

ಎಂಟು ಸೆಂಟಿನಿಂದ ಶುರು ಮಾಡು.

ನಿನ್ನ ನಾಲ್ಕನೇ ಪುಟದಲ್ಲಿ ಅದು ಒಂದೇ ಸಾಲಲ್ಲಿ ಬಂದು ಹೋಗಿದೆ. ಅಲ್ಲಿ ನಿಲ್ಲು. ಅಮೆರಿಕದ ಫೆಡರಲ್ ಕೋರ್ಟುಗಳ ಕಾಗದಪತ್ರಗಳು ಪೇಸರ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಇರುತ್ತವೆ. ಅವು ಸಾರ್ವಜನಿಕ ದಾಖಲೆಗಳು. ಆದರೂ 2008ರಲ್ಲಿ ನೋಡಬೇಕಾದರೆ ಪುಟಕ್ಕೆ 8 ಸೆಂಟ್ ಕೊಡಬೇಕಿತ್ತು. ಅದೇ ಹೊತ್ತಿಗೆ ದೇಶದ 17 ಲೈಬ್ರರಿಗಳಲ್ಲಿ ಪ್ರಯೋಗಕ್ಕೆ ಅಂತ ಉಚಿತವಾಗಿ ಬಿಟ್ಟಿದ್ದರು. ಸಾರ್ವಜನಿಕ ದಾಖಲೆಗಳಿಗಾಗಿ ದುಡಿಯುತ್ತಿದ್ದ ಕಾರ್ಲ್ ಮಲಮುಡ್, ಆ ಲೈಬ್ರರಿಗಳಿಗೆ ಹೋಗಿ ಆದಷ್ಟು ಇಳಿಸಿಕೊಳ್ಳಿ ಅಂತ ಜನರನ್ನು ಕೇಳಿಕೊಂಡರು. ಆರನ್ ಒಂದು ಚಿಕ್ಕ ಪ್ರೋಗ್ರಾಂ ಬರೆದ. ಸ್ಯಾಕ್ರಮೆಂಟೊದ ಒಂದು ಲೈಬ್ರರಿಗೆ ಕೊಟ್ಟಿದ್ದ ಪ್ರವೇಶದ ಮೂಲಕ ಅದು ಪುಟ ಇಳಿಸುತ್ತಾ ಹೋಯಿತು. ಸೆಪ್ಟೆಂಬರ್ ಕೊನೆಗೆ ಸರ್ಕಾರ ಗಾಬರಿಯಾಗಿ ಪ್ರಯೋಗ ನಿಲ್ಲಿಸುವಷ್ಟರಲ್ಲಿ ಸುಮಾರು 2 ಕೋಟಿ ಪುಟ ಇಳಿದಿತ್ತು. ನೀನೇ ಲೆಕ್ಕ ಹಾಕು. ದುಡ್ಡು ಕೊಟ್ಟು ತೆಗೆದಿದ್ದರೆ 16 ಲಕ್ಷ ಡಾಲರ್.

ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ವಿಚಾರಿಸಿತು, ಕೇಸು ಹಾಕಲಿಲ್ಲ. ಆಮೇಲೆ ಅವನು ಏನು ಮಾಡಿದ ಗೊತ್ತಾ? ತನ್ನ ಮೇಲೆ ಎಫ್‌ಬಿಐ ಇಟ್ಟಿದ್ದ ಫೈಲನ್ನೇ ಮಾಹಿತಿ ಹಕ್ಕಿನಲ್ಲಿ ಕೇಳಿ ತರಿಸಿಕೊಂಡು ಎಲ್ಲರೂ ಓದಲಿ ಅಂತ ಹಾಕಿದ. ಇದನ್ನು ನೀನು ಬಿಟ್ಟೇ ಬಿಟ್ಟಿದ್ದೀಯ. ಆ ಹುಡುಗನ ಗುಣವೆಲ್ಲ ಈ ಒಂದು ಕೆಲಸದಲ್ಲಿ ಇದೆ. (ಅವನನ್ನು ಏಕವಚನದಲ್ಲೇ ಕರೆಯುತ್ತೇನೆ. ನನ್ನ ಮಗನ ವಯಸ್ಸಿನವನು, ಬೇರೆ ಥರ ಬಾಯಿಗೆ ಬರುವುದಿಲ್ಲ.)

ಎಂಟು ಸೆಂಟ್ ನನ್ನನ್ನು ಯಾಕೆ ಹೀಗೆ ಹಿಡಿದುಕೊಂಡಿದೆ ಅಂತಲೂ ಹೇಳುತ್ತೇನೆ. ನಾನು ಓದಿದ ಕಾಲೇಜಿನ ಲೈಬ್ರರಿಯಲ್ಲಿ ಗಾಜಿನ ಬಾಗಿಲಿನ ಒಂದು ಬೀರು ಇತ್ತು. ಒಳ್ಳೆಯ ಪುಸ್ತಕಗಳೆಲ್ಲ ಅದರಲ್ಲೇ. ಬೀಗದ ಕೈ ಒಬ್ಬರ ಹತ್ತಿರ. ಕೇಳಿದರೆ "ನಿಂಗ್ಯಾಕಮ್ಮಾ ಅದೆಲ್ಲ" ಅನ್ನುತ್ತಿದ್ದರು. ಮೂರು ವಾರ ಕಾಡಿಬೇಡಿ ಒಂದು ಪುಸ್ತಕ ತೆಗೆಸಿದೆ. ಮನೆಗೆ ಕೊಡಲಿಲ್ಲ. ಅಲ್ಲೇ ಕಿಟಕಿ ಪಕ್ಕ ಕೂತು 40 ಪುಟ ಕೈಯಲ್ಲಿ ಬರೆದುಕೊಂಡೆ. ಆ ನೋಟ್‌ಬುಕ್ ಈಗಲೂ ಇದೆ, ಇಂಕು ಕಂದು ಬಣ್ಣಕ್ಕೆ ತಿರುಗಿದೆ. ಓದಬೇಕು ಅನ್ನುವವರ ಮುಂದೆ ಬೀಗ ಹಾಕುವುದು ಅಂದರೇನು ಅಂತ ನನಗೆ ಗೊತ್ತು. ನಿನಗೂ ಇಂಥದ್ದೇನೋ ಒಂದು ಇರುತ್ತದೆ. ಅದನ್ನು ಬರಹದಲ್ಲಿ ಹಾಕಬೇಕು ಅಂತಿಲ್ಲ. ಬರೆಯುವಾಗ ಮನಸ್ಸಿನಲ್ಲಿ ಇರಲಿ, ಸಾಕು.

ಇನ್ನು ಬಾಲ್ಯ. ಅಲ್ಲಿ ಬೇಗ ಸಾಗು. 1986ರಲ್ಲಿ ಹುಟ್ಟಿದ, ಶಿಕಾಗೊ ಹತ್ತಿರದ ಹೈಲ್ಯಾಂಡ್ ಪಾರ್ಕ್‌ನಲ್ಲಿ ಬೆಳೆದ, 14ನೇ ವಯಸ್ಸಿಗೇ ಆರ್‌ಎಸ್‌ಎಸ್ ಫೀಡ್‌ನ ನಿಯಮ ಬರೆದವರಲ್ಲಿ ಒಬ್ಬನಾದ. ನಮ್ಮ ಓದುಗರಿಗೆ ಈ ಮೂರು ಅಕ್ಷರ ಬೇರೆಯೇ ಅರ್ಥ ಕೊಡುತ್ತವೆ. ಹಾಗಾಗಿ ಅಲ್ಲೇ ಒಂದು ಸಾಲು ಬಿಡಿಸಿ ಹೇಳು: ಒಂದು ತಾಣದಲ್ಲಿ ಹೊಸದೇನು ಬಂದರೂ ಓದುವವರಿಗೆ ತಾನಾಗಿ ಮುಟ್ಟಿಸುವ ವಿಧಾನ, ಇವತ್ತಿನ ಪಾಡ್‌ಕಾಸ್ಟ್‌ಗಳು ನಡೆಯುವುದೂ ಅದರ ಮೇಲೆಯೇ. ಜನ ಸೇರಿ ಚರ್ಚೆ ಮಾಡುವ ರೆಡಿಟ್ ಅನ್ನುವ ತಾಣದಲ್ಲಿ ಅವನೂ ಪಾಲುದಾರ. ಅದನ್ನು ಮಾರಿ ಬಂದ ದುಡ್ಡಿನ ವಿಷಯಕ್ಕೆ ಎರಡು ಪ್ಯಾರಾ ಕೊಟ್ಟಿದ್ದೀಯ, ಜಾಸ್ತಿ ಆಯಿತು. 'ಅಪ್ರತಿಮ ಬಾಲಪ್ರತಿಭೆ' ಅಂತ ಐದು ಕಡೆ ಬರೆದಿದ್ದೀಯ, ಐದೂ ಹೊಡೆದುಹಾಕಿದ್ದೇನೆ. ಏನು ಮಾಡಿದ ಅಂತ ಹೇಳು, ಪ್ರತಿಭೆ ಓದುಗರಿಗೇ ಕಾಣುತ್ತದೆ.

ಉಳಿದ ಜಾಗವನ್ನು ವಿಕಿಪೀಡಿಯ ಪ್ರಸಂಗಕ್ಕೆ ಕೊಡು. ಬರೆಯುವವರು ಅವನಿಂದ ಕಲಿಯಬೇಕಾದದ್ದು ಅಲ್ಲಿದೆ. ವಿಕಿಪೀಡಿಯ ಬರೆಯುವುದು ಯಾರು? ತಿದ್ದುಪಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಾಡುವುದು 524 ಜನ ಮಾತ್ರ ಅಂತ ಅದರ ಸ್ಥಾಪಕರಲ್ಲಿ ಒಬ್ಬರಾದ ಜಿಮ್ಮಿ ವೇಲ್ಸ್ ಲೆಕ್ಕ ಹೇಳುತ್ತಿದ್ದರು. ಒಂದು ಚಿಕ್ಕ ಗುಂಪು ಎಲ್ಲವನ್ನೂ ಬರೆಯುತ್ತದೆ ಅನ್ನುವುದು ಅದರ ಅರ್ಥ. 2006ರಲ್ಲಿ ಆರನ್ ಆ ಮಾತನ್ನು ಪರೀಕ್ಷೆಗೆ ಇಟ್ಟ. ನಟ ಆಲನ್ ಆಲ್ಡಾ ಬಗ್ಗೆ ಇದ್ದ ಲೇಖನ ತೆಗೆದುಕೊಂಡ. ಅದರ ಒಂದೊಂದು ತಿದ್ದುಪಡಿಯನ್ನೂ ನೋಡುತ್ತಾ ಹೋದ. ಎಷ್ಟು ಸಲ ತಿದ್ದಿದರು ಅಂತ ಎಣಿಸಿ ಅಲ್ಲಿಗೇ ನಿಲ್ಲಲಿಲ್ಲ. ಯಾರು ಬರೆದ ಅಕ್ಷರ ಕೊನೆಗೆ ಉಳಿದಿದೆ ಅಂತಲೂ ಎಣಿಸಿದ. ಆಗ ಚಿತ್ರವೇ ಬೇರೆ. ಸಾವಿರಾರು ತಿದ್ದುಪಡಿ ಮಾಡಿದವರು ಹೆಚ್ಚಾಗಿ ಕಾಗುಣಿತ, ಕೊಂಡಿ, ಜೋಡಣೆ ಸರಿಮಾಡಿದ್ದರು. ನಿಜವಾದ ವಿಷಯ ತಂದು ಸೇರಿಸಿದ್ದು ಹೆಚ್ಚಾಗಿ ಕೆಲವೇ ಸಲ ಬಂದು ಹೋದವರು. ಹೆಸರೂ ಹಾಕದವರು ಎಷ್ಟೋ ಜನ.

ನನಗೆ ಇದನ್ನು ಓದಿದಾಗ ಮೈ ಜುಮ್ ಅಂದಿತ್ತು. ಎಲ್ಲರೂ ಒಪ್ಪಿಕೊಂಡಿದ್ದ ಒಂದು ಮಾತು. ಒಬ್ಬ 19 ವರ್ಷದ ಹುಡುಗ ಸುಮ್ನೆ ಕೂತು ಅಕ್ಷರ ಎಣಿಸಿದ, ಮಾತು ತಲೆಕೆಳಗಾಯಿತು. ನೀನೂ ಹಾಗೆ ಎಣಿಸು. 'ಇಡೀ ಜಗತ್ತು ಬೆಚ್ಚಿಬಿತ್ತು' ಅಂತ ಬರೆಯುವ ಮುಂಚೆ ಯಾರು, ಎಷ್ಟು ಜನ, ಎಲ್ಲಿ ಅಂತ ನೋಡು.

ಅಮೆರಿಕದ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯ ವಿಷಯ ಕಷ್ಟದ್ದು. ಅದನ್ನು ನೀನು ಕಳ್ಳ-ಪೊಲೀಸ್ ಕಥೆ ಮಾಡಿದ್ದೀಯ, ಪೊಲೀಸರೆಲ್ಲ ಕೆಟ್ಟವರು. ನಿಧಾನವಾಗಿ ನೋಡು. ಎಂಐಟಿಯ 16ನೇ ಕಟ್ಟಡದ ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ವೈರುಗಳ ಒಂದು ಚಿಕ್ಕ ಕೋಣೆ. ಅಲ್ಲಿ ರಟ್ಟಿನ ಪೆಟ್ಟಿಗೆ ಕೆಳಗೆ ಆರನ್ ಇಟ್ಟಿದ್ದ ಒಂದು ಲ್ಯಾಪ್‌ಟಾಪ್. ಅದು ಜೆಸ್ಟೋರ್ ಅನ್ನುವ, ಚಂದಾ ಕಟ್ಟಿ ಓದಬೇಕಾದ ಸಂಗ್ರಹದಿಂದ ವಿದ್ವತ್ ಲೇಖನಗಳನ್ನು ಇಳಿಸುತ್ತಿದೆ, ಒಟ್ಟು ಸುಮಾರು 48 ಲಕ್ಷ. ಅಲ್ಲಿ ಕ್ಯಾಮೆರಾ ಇಟ್ಟಿದ್ದರು. 2011ರ ಜನವರಿ 6ರಂದು ಅವನು ಒಳಗೆ ಬರುತ್ತಾನೆ, ಸೈಕಲ್ ಹೆಲ್ಮೆಟ್ ಮುಖಕ್ಕೆ ಅಡ್ಡ ಹಿಡಿದು, ಅದರ ತೂತುಗಳಲ್ಲಿ ನೋಡುತ್ತಾ. ಅಂದೇ ಬಂಧನ. ಆ ಹೆಲ್ಮೆಟ್ ಸಾಕು. ಅವನು ಎಷ್ಟು ಚಿಕ್ಕವನು, ಎಷ್ಟು ಹೆದರಿದ್ದ, ತಪ್ಪು ಅಂತ ಎಷ್ಟು ಗೊತ್ತಿತ್ತು ಅನ್ನುವುದೆಲ್ಲ ಓದುಗರು ತಾವೇ ಯೋಚಿಸುತ್ತಾರೆ.

ಅವನು ಕೊಟ್ಟ ತೊಂದರೆಯನ್ನೂ ಬರಿ. ಜೆಸ್ಟೋರ್ ಸರ್ವರ್‌ಗಳ ಮೇಲೆ ಹೊರೆ ಬಿತ್ತು. ಕೆಲವು ದಿನ ಇಡೀ ಎಂಐಟಿಗೇ ಜೆಸ್ಟೋರ್ ಬಂದ್ ಆಯಿತು, ಓದಬೇಕಿದ್ದವರಿಗೆ ಓದಲು ಆಗಲಿಲ್ಲ. ಇದನ್ನು ಮುಚ್ಚಿಟ್ಟರೆ ಅವನಿಗೆ ನ್ಯಾಯ ಮಾಡಿದ ಹಾಗಲ್ಲ. ಆ ಲೇಖನಗಳನ್ನು ಏನು ಮಾಡಬೇಕು ಅಂತಿದ್ದ ಅಂತ ಅವನ ತಲೆಯೊಳಗೆ ಹೊಕ್ಕು ಬರೆಯಬೇಡ. ಅವನು ಹಂಚಲಿಲ್ಲ, ಜೆಸ್ಟೋರ್‌ಗೆ ವಾಪಸ್ ಕೊಟ್ಟ, ಅವರೂ ಕೇಸು ಮುಂದುವರಿಸುವುದು ಬೇಡ ಅಂದರು. ಮುಂದುವರಿಸಿದ್ದು ಫೆಡರಲ್ ಸರ್ಕಾರದ ವಕೀಲರು. ಮೊದಲು 4 ಆರೋಪ, 2012ರ ಸೆಪ್ಟೆಂಬರ್‌ನಲ್ಲಿ ಅದು 13 ಆಯಿತು. '35 ವರ್ಷ ಜೈಲು ಶಿಕ್ಷೆ ವಿಧಿಸಿದರು' ಅಂತ ಬರೆದಿದ್ದೀಯ, ಅದು ತಪ್ಪು. ಮೊದಲ ಆರೋಪಗಳಿಗೆ ಕಾನೂನಿನಲ್ಲಿ ಕೊಡಬಹುದಾದ ಗರಿಷ್ಠ ಶಿಕ್ಷೆ ಅದು. ವಿಚಾರಣೆ ನಡೆಯಲೇ ಇಲ್ಲ. ತಪ್ಪೊಪ್ಪಿಕೊಂಡರೆ ಆರು ತಿಂಗಳು ಅನ್ನುವ ಮಾತೂ ಬಂದಿತ್ತು. ಅವನು ಒಪ್ಪಲಿಲ್ಲ.

ಇಷ್ಟೆಲ್ಲ ತಲೆ ಮೇಲೆ ಇಟ್ಟುಕೊಂಡೇ ಅವನು ಸೋಪಾ ಮಸೂದೆ ವಿರುದ್ಧ ಓಡಾಡಿದ. ಕೃತಿಚೌರ್ಯ ತಡೆಯುವ ಹೆಸರಲ್ಲಿ ಇಡೀ ತಾಣಗಳನ್ನೇ ಮುಚ್ಚಿಸಲು ದಾರಿ ಮಾಡುತ್ತಿದ್ದ ಅಮೆರಿಕದ ಮಸೂದೆ ಅದು. 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ ಇಡೀ ದಿನ ಕಪ್ಪಾಯಿತಲ್ಲ, ಅದೇ ಹೋರಾಟ. ಎರಡೇ ದಿನಕ್ಕೆ ಮಸೂದೆ ಮೂಲೆಗೆ ಬಿತ್ತು. ಕೇಸು ಮತ್ತು ಹೋರಾಟ ಎರಡನ್ನೂ ಬೇರೆ ಬೇರೆ ಅಧ್ಯಾಯ ಮಾಡಿದ್ದೀಯ. ಒಟ್ಟಿಗೆ ತಾ. ಅವನ ಪಾಲಿಗೆ ಅವು ಒಂದೇ ವರ್ಷದ, ಒಂದೇ ದೇಹದ ದಣಿವು.

ಸಾವಿನ ಬಗ್ಗೆ ಬರೆಯಲೇಬೇಕು. ಹೇಗೆ ಸತ್ತ ಅನ್ನುವ ವಿವರ ಪೂರ್ತಿ ತೆಗೆದುಬಿಡು. ನಿನ್ನ ಲೇಖನವನ್ನು ಯಾವುದೋ ರಾತ್ರಿ ಒಂಟಿಯಾಗಿ ಕೂತ ಹುಡುಗ ಓದಬಹುದು, ಅಲ್ವಾ? ಇಂಥದ್ದೇ ಕಾರಣ ಅಂತಲೂ ಹಚ್ಚಬೇಡ. ಮನೆಯವರು ಸರ್ಕಾರದ ವಕೀಲರನ್ನೂ ಎಂಐಟಿಯನ್ನೂ ದೂರಿದರು. ಅದನ್ನು ಅವರ ಮಾತಾಗಿ ಬರಿ. ತನ್ನ ಖಿನ್ನತೆಯ ಬಗ್ಗೆ ಅವನೇ 2007ರಲ್ಲಿ ಬರೆದುಕೊಂಡಿದ್ದ. ಅದೂ ಇರಲಿ. ಪಕ್ಕಪಕ್ಕ ಇಟ್ಟು ನೀನು ಸುಮ್ಮನಾಗು.

ಕೊನೆಯಲ್ಲಿ 'ಆರನ್ ಇಂದಿಗೂ ಜೀವಂತ' ಅಂದಿದ್ದೀಯ. ಅದರ ಬದಲು ನಮ್ಮ ಕಣ್ಣೆದುರಿಗೆ ಇರುವುದನ್ನೇ ತೋರಿಸು. 15 ವರ್ಷದವನಿದ್ದಾಗ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಜೊತೆ ಸೇರಿ ಅವನು ಕ್ರಿಯೇಟಿವ್ ಕಾಮನ್ಸ್‌ಗೆ ತಾಂತ್ರಿಕ ಕೆಲಸ ಮಾಡಿದ. ಈ ಪುಸ್ತಕವನ್ನು ಯಾರು ಬೇಕಾದರೂ ಓದಬಹುದು, ಹಂಚಬಹುದು ಅಂತ ಲೇಖಕರೇ ಬರೆದುಕೊಡುವ ಪರವಾನಗಿ ಅದು. 2014ರಲ್ಲಿ ನಿರಂಜನರ ಕುಟುಂಬ ಅವರ ಪುಸ್ತಕಗಳನ್ನು ಅದೇ ಪರವಾನಗಿಯಲ್ಲಿ ಕನ್ನಡಿಗರಿಗೆ ಬಿಟ್ಟುಕೊಟ್ಟಿತು. ಎಂಟು ಸೆಂಟಿನ ಕಥೆಯ ಕಾರ್ಲ್ ಮಲಮುಡ್ ಇದ್ದಾರಲ್ಲ, ಅವರ ಬೆಂಬಲದಿಂದ ಬೆಂಗಳೂರಿನಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನಿಂಗ್ ನಡೆದಿದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಈಗ ಅವನ್ನು ಯಾರು ಬೇಕಾದರೂ ತೆಗೆದು ಓದಬಹುದು. ಬೀರೂ ಇಲ್ಲ, ಬೀಗದ ಕೈಯೂ ಇಲ್ಲ.

ನಿನ್ನ ಬರಹ ಓದಿ ನಾನೂ ಒಂದು ತೀರ್ಮಾನಕ್ಕೆ ಬಂದೆ. ನನ್ನ ಮೊದಲ ಪುಸ್ತಕ ಎಲ್ಲೂ ಸಿಗುವುದಿಲ್ಲ. ಮರುಮುದ್ರಣ ಆಗುವ ಲಕ್ಷಣವೂ ಇಲ್ಲ. ಇರುವುದು ಒಂದೇ ಪ್ರತಿ. ಭಾನುವಾರ ಹೇಗೂ ಬರುತ್ತೀಯಲ್ಲ, ಸ್ಕ್ಯಾನ್ ಮಾಡಿಸಲು ತೆಗೆದುಕೊಂಡು ಹೋಗು. ಪರವಾನಗಿ ಪತ್ರಕ್ಕೆ ಅಷ್ಟರಲ್ಲಿ ಸಹಿ ಹಾಕಿಟ್ಟಿರುತ್ತೇನೆ. ಹೊಲಿಗೆ ಬಿಟ್ಟಿದೆ, ಹುಷಾರು. 64ನೇ ಪುಟ ಪೂರ್ತಿ ಕಿತ್ತು ಬಂದಿದೆ, ಒಳಗೇ ಇಟ್ಟಿದ್ದೇನೆ.

ನಿನ್ನ,
ಅಕ್ಕ