ಭಾನುವಾರದ ಪಾಲಕರ ಸಭೆ: ಮಕ್ಕಳ ಮನಸ್ಸು, ಹರಕೆ, ಔಷಧಿ

ಎಲ್ಲ ಪಾಲಕರಿಗೂ ಶರಣು, ಸಲಾಂ.

ಪಿಯು ಓದುವ ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ಈ ಭಾನುವಾರ ಬೆಳಿಗ್ಗೆ 10:30ಕ್ಕೆ ಕೊಪ್ಪಳದಲ್ಲಿ, ನಮ್ಮ ಕಾಲೇಜಿನ ಸಭಾಂಗಣದಲ್ಲಿ ಕೂಡೋಣ. ತಾಯಿ, ತಂದೆ ಇಬ್ಬರೂ ಬರ್ರಿ. ಮಕ್ಕಳಿಗೆ ಬೇರೆ ದಿನ ಇದೆ.

ಅಲ್ಲಿಯವರೆಗೆ ಇಷ್ಟು ಗಮನದಲ್ಲಿರಲಿ. ನಿದ್ದೆ, ಊಟ, ಓದು, ಗೆಳೆತನ ಕೆಟ್ಟು ಎರಡು ವಾರ ದಾಟಿದರೆ "ಗಾಳಿ ಸೋಕಿದೆ" ಅಂತ ಕಾಯಬೇಡಿ. ಹುಲಿಗೆಮ್ಮನಿಗೆ ಹರಕೆ, ದರ್ಗಾಕ್ಕೆ ಚಾದರ ಸಲ್ಲಿಸಿ; ಭಜನೆ, ನಮಾಜಿನ ಒಡನಾಟ ಎಷ್ಟೋ ಮಕ್ಕಳಿಗೆ ಆಸರೆ. ಜೊತೆಗೇ ವೈದ್ಯರಿಗೂ ತೋರಿಸಿ. "ನಿನ್ನ ಪಾಪದ ಫಲ" ಎಂಬ ಮಾತು ಮಾತ್ರ ಖಂಡಿತ ಬೇಡ. ಹೆದರಿದ ಮಕ್ಕಳು ಹೇಳಿಕೊಳ್ಳುವುದನ್ನೇ ಬಿಡುತ್ತಾರೆ.

ಖಿನ್ನತೆಯ ಮಾತ್ರೆ ಪರಿಣಾಮ ತೋರಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ತಾಯತ ಕಟ್ಟಿಸಿದೆವೆಂದು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರಬಹುದು, ಕಾಯಿಲೆ ಮರುಕಳಿಸಬಹುದು. ಲಿಥಿಯಂ (ಮನಸ್ಸಿನ ಅತಿಯಾದ ಏರಿಳಿತ ತಡೆಯುವ ಮಾತ್ರೆ) ತೆಗೆದುಕೊಳ್ಳುವವರು ರೋಜಾಕ್ಕೆ, ನೀರಿಲ್ಲದ ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕು: ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರಿ ವಿಷವಾಗಬಹುದು. ಬೈಪೋಲಾರ್ (ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ ಬರುವ ಕಾಯಿಲೆ) ಇರುವವರಿಗೆ ಶಿವರಾತ್ರಿಯ ಜಾಗರಣೆ ಬೇಡ. ನಿದ್ದೆಗೇಡು ಉನ್ಮಾದ ಕೆರಳಿಸಬಹುದು.

ಸಾಯುವ ಮಾತಾಡಿದರೆ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಎಣ್ಣೆ (ಕೀಟನಾಶಕ) ಡಬ್ಬಿಗಳನ್ನು ಬೀಗದಲ್ಲಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ: 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ರೋಗಿಯನ್ನು ಸರಪಳಿಯಲ್ಲಿ ಕಟ್ಟಿಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ, ಎಲ್ಲಿ ಕಂಡರೂ ತಡೆಯಿರಿ.

ಬರುವವರು ಶುಕ್ರವಾರ ಸಂಜೆಯೊಳಗೆ "ಬರ್ತೀವಿ" ಅಂತ ಹಾಕಿ. ಮಕ್ಕಳ ಹೆಸರು, ಕಾಯಿಲೆ ದಯವಿಟ್ಟು ಗುಂಪಿನಲ್ಲಿ ಬರೆಯಬೇಡಿ. ನನಗೆ ಪ್ರತ್ಯೇಕವಾಗಿ ಕಳಿಸಿ.